ವಾಹನವೈದ್ಯ

ಮನೆಗೆ ಒಂದು ಕಾರು ಬಂದಿತೆಂದರೆ ಒಬ್ಬ ಸೇವಕನು ದೊರೆತನೆಂದು ಸಂತೋಷಪಡುವವರೇ ಲೋಕದಲ್ಲಿ ಹೆಚ್ಚು. ವರ್ಷವೆರಡು ಕಳೆಯುವಷ್ಟರಲ್ಲಿ, ಬಂದವನು ಸೇವಕನಲ್ಲ, ಹೊಟ್ಟೆಗೆ ಹಾಕಿ, ಮೈ ತೊಳೆದು, ಕಾಯಿಲೆ ಕಸಾಲೆಗಳನ್ನು ವಿಚಾರಿಸಬೇಕಾದ ಕುಟುಂಬದವನೇ ಎಂಬುದು ಯಜಮಾನನಿಗೆ ಗೊತ್ತಾಗುತ್ತದೆ. ಎತ್ತಿನ ಗಾಡಿಯ ಕಾಲದಲ್ಲಿ ಈ ಮಾತು ಯಾರಿಗೂ ಹೊಸದಾಗಿರಲಿಲ್ಲ. ಎತ್ತು ಮೇವು ಬಿಟ್ಟರೆ, ಕಾಲೆಳೆದರೆ, ಕಣ್ಣಿನಲ್ಲಿ ನೀರು ಸುರಿಸಿದರೆ ರೈತನು ನೋಡಿದೊಡನೆಯೇ ತಿಳಿಯುತ್ತಿದ್ದನು. ಕಾರಿಗೆ ಕಣ್ಣೀರಿಲ್ಲ. ತನ್ನ ನೋವನ್ನು ಅದು ಶಬ್ದ, ವಾಸನೆ, ನಡುಕಗಳಿಂದಲ್ಲದೆ ಬೇರೆ ವಿಧವಾಗಿ ಹೇಳಲಾರದು. ಆ ಭಾಷೆಯನ್ನು ಕಲಿಯದ ಯಜಮಾನನ ಕೈಯಲ್ಲಿ ಅದು ಮೂಕರೋಗಿಯಂತೆ ನರಳುತ್ತದೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಕಾರು ಈಗ ಭೋಗವಸ್ತುವಾಗಿ ಉಳಿದಿಲ್ಲ. ಬೆಂಗಳೂರು ಮೈಸೂರುಗಳ ನಡುವಣ ರೈಲುದಾರಿ ಶ್ರೀರಂಗಪಟ್ಟಣ, ಪಾಂಡವಪುರ ನಿಲ್ದಾಣಗಳನ್ನು ಮುಟ್ಟುತ್ತದೆ. ಮೈಸೂರಿನಿಂದ ಹಾಸನಕ್ಕೆ ಹೋಗುವ ದಾರಿ ಅಕ್ಕಿಹೆಬ್ಬಾಳಿನ ಮೇಲೆ ಸಾಗುತ್ತದೆ. ಬೆಂಗಳೂರು ಹಾಸನಗಳ ದಾರಿ 2017ರಿಂದ ಈಚೆಗೆ ಬಿ. ಜಿ. ನಗರದ ಜನಕ್ಕೆ ಒದಗಿದೆ. ಆದರೂ ನಾಗಮಂಗಲದ ಪೇಟೆಗಾಗಲಿ ಕೃಷ್ಣರಾಜಪೇಟೆಯ ಪೇಟೆಗಾಗಲಿ ರೈಲಿಲ್ಲ. ಸಂಜೆಯ ಕಡೆಯ ಬಸ್ಸು ಹೋದಮೇಲೆ ಹೆರಿಗೆಯ ನೋವು ಕಾಣಿಸಿಕೊಂಡರೆ, ಗದ್ದೆಯಲ್ಲಿ ಹಾವು ಕಚ್ಚಿದರೆ, ಮುದುಕರಿಗೆ ಎದೆ ಹಿಡಿದುಕೊಂಡರೆ, ಊರಿನಲ್ಲಿ ಯಾರ ಬಾಗಿಲಲ್ಲಿ ಕಾರಿದೆಯೆಂದು ಜನರು ಹುಡುಕುವುದು ಸ್ವಭಾವಸಿದ್ಧವಾಗಿದೆ. ಹೀಗಿರಲು ಒಂದು ಹಳ್ಳಿಯ ಕಾರು ಸುಸ್ಥಿತಿಯಲ್ಲಿರುವುದೂ ಇಲ್ಲದಿರುವುದೂ ಅದರ ಒಡೆಯನೊಬ್ಬನಿಗೆ ಮಾತ್ರ ಸೇರಿದ ಸಂಗತಿಯಲ್ಲ.

ಈ ಸೀಮೆಗೂ ಕಾರಿನ ಉದ್ಯಮಕ್ಕೂ ಹಳೆಯ ಒಂದು ನಂಟಿದೆ. ಕೃಷ್ಣರಾಜಸಾಗರದ ಕಟ್ಟೆಯನ್ನು ಯೋಜಿಸಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರೇ, ದಿವಾನಗಿರಿಯನ್ನು ಬಿಟ್ಟ ಬಳಿಕ, 1930ರ ದಶಕದಲ್ಲಿ, ಭರತಖಂಡದಲ್ಲಿಯೇ ಮೋಟಾರು ಕಾರುಗಳು ತಯಾರಾಗಬೇಕೆಂದು ಬಹಳವಾಗಿ ದುಡಿದರು. ಅಂದಿನ ಸರ್ಕಾರದ ಬೆಂಬಲ ದೊರೆಯಲಿಲ್ಲ. ಅವರೊಡನೆ ಆ ಪ್ರಯತ್ನದಲ್ಲಿದ್ದ ವಾಲಚಂದ ಹೀರಾಚಂದರು 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಸಂಸ್ಥೆಯನ್ನು ಸ್ಥಾಪಿಸಿದರು. ಕಾರು ಸಾಮಾನ್ಯ ಗೃಹಸ್ಥನ ಕೈಗೆ ಎಟುಕುವುದಕ್ಕೆ ಮಾತ್ರ 1983ನೆಯ ಡಿಸೆಂಬರಿನಲ್ಲಿ ಮಾರುತಿ 800 ಹೊರಡುವವರೆಗೂ ಕಾಯಬೇಕಾಯಿತು. 2014ರ ಜನವರಿಯಲ್ಲಿ ಅದರ ತಯಾರಿಕೆ ನಿಂತುಹೋಯಿತು. ಆದರೆ ಪಟ್ಟಣದವರು ದಣಿಸಿ ಬಿಟ್ಟ ಕಾರುಗಳು ಎರಡನೆಯ ಕೈ, ಮೂರನೆಯ ಕೈಗಳನ್ನು ದಾಟಿ ಹಳ್ಳಿಯ ಹಿತ್ತಿಲನ್ನು ಸೇರುವ ಪದ್ಧತಿ ನಿಂತಿಲ್ಲ. ಹಳ್ಳಿಗೆ ಬರುವ ಕಾರು ಬಹುಮಟ್ಟಿಗೆ ನಡುವಯಸ್ಸನ್ನು ದಾಟಿಯೇ ಬರುತ್ತದೆ.

ಚರಕಸಂಹಿತೆಯಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧದ್ರವ್ಯ, ಉಪಚಾರಕ, ರೋಗಿ. ನಾಲ್ಕೂ ಗುಣವಂತವಾಗಿದ್ದರೆ ಮಾತ್ರ ರೋಗವು ಶಮನವಾಗುತ್ತದೆಂದು ಶಾಸ್ತ್ರದ ನಿಶ್ಚಯ. ಮನುಷ್ಯಶರೀರಕ್ಕೆ ಹೇಳಿದ ಈ ಮಾತು ನಾಲ್ಕು ಚಕ್ರದ ಶರೀರಕ್ಕೂ ಆಶ್ಚರ್ಯಕರವಾಗಿ ಹೊಂದಿಕೊಳ್ಳುತ್ತದೆ.

ವೈದ್ಯನಿಗೆ ಶಾಸ್ತ್ರಜ್ಞಾನ, ಬಹಳವಾಗಿ ಕೆಲಸವನ್ನು ಕಂಡ ಅನುಭವ, ಕೈಯ ಚುರುಕು, ಶುಚಿತ್ವ ಈ ನಾಲ್ಕೂ ಇರಬೇಕು. ಮೈಸೂರಿನಂಥ ನಗರದ ದೊಡ್ಡ ಕಾರ್ಯಾಗಾರಗಳಲ್ಲಿ ಶಾಸ್ತ್ರಕ್ಕೆ ಕೊರತೆಯಿಲ್ಲ. ಈಚಿನ ಕಾರುಗಳಿಗೆ ಒಂದು ಯಂತ್ರವನ್ನು ಜೋಡಿಸಿದರೆ ದೋಷದ ಸಂಖ್ಯೆ ತೆರೆಯ ಮೇಲೆ ತಾನಾಗಿಯೇ ಮೂಡುತ್ತದೆ. ಆದರೆ ಸಂಖ್ಯೆಯು ರೋಗದ ಲಕ್ಷಣವೇ ಹೊರತು ನಿದಾನವಲ್ಲ. ಇಲಿ ಕಡಿದ ತಂತಿಯೂ ಕೆಟ್ಟುಹೋದ ಉಪಕರಣವೂ ಒಂದೇ ಸಂಖ್ಯೆಯನ್ನು ತೋರಿಸುವುದುಂಟು. ತಾಲ್ಲೂಕಿನ ಪೇಟೆಯ ಹುಣಸೆಮರದ ಕೆಳಗಿನ ಗ್ಯಾರೇಜಿನಲ್ಲಿ ಯಂತ್ರವಿರಲಾರದು; ಅಲ್ಲಿನ ಮೇಸ್ತ್ರಿ ಬಾನೆಟ್ಟನ್ನು ಎತ್ತಿ, ಕಿವಿಗೊಟ್ಟು, ಶಬ್ದ ಬೇರಿಂಗಿನದೋ ಬೆಲ್ಟಿನದೋ ಎಂದು ಹೇಳಬಲ್ಲನು. ಇದ್ದದ್ದರಲ್ಲಿ ಪುಣ್ಯವಂತನೆಂದರೆ, ಯಂತ್ರವನ್ನು ಓದಬಲ್ಲ, ಕಿವಿಯನ್ನೂ ಮರೆಯದ ಮೇಸ್ತ್ರಿಯನ್ನು ಪಡೆದವನು.

ಎರಡನೆಯದು ದ್ರವ್ಯ. ಔಷಧವು ಬೇಕಾದಷ್ಟು ದೊರೆಯಬೇಕು, ರೋಗಕ್ಕೆ ತಕ್ಕದ್ದಾಗಿರಬೇಕು, ಸತ್ತ್ವಯುತವಾಗಿರಬೇಕು. ಬಿಡಿಭಾಗಗಳ ಅಂಗಡಿಯಲ್ಲಿ ಒಂದೇ ವಸ್ತು ಮೂರು ಹೆಸರಿನಿಂದ ಕುಳಿತಿರುತ್ತದೆ: ಒರಿಜಿನಲ್, ಲೋಕಲ್, ಗುಜರಿ. ಬಾಗಿಲಿನ ಹಿಡಿ, ಕನ್ನಡಿ, ದೀಪದ ಗಾಜು ಇವುಗಳನ್ನು ಗುಜರಿಯಿಂದ ತಂದರೆ ಯಾರ ಪ್ರಾಣವೂ ಹೋಗುವುದಿಲ್ಲ. ಬ್ರೇಕು, ಸ್ಟೀರಿಂಗು, ಟೈರು ಇವುಗಳ ವಿಷಯದಲ್ಲಿ ಮಿತವ್ಯಯ ಮಾಡುವುದು ಮಾತ್ರ ವಿಷವೈದ್ಯನ ಬಳಿ ಚೌಕಾಸಿ ಮಾಡಿದಂತೆಯೇ ಸರಿ. ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ಪಡೆಯುವುದು ಒಳ್ಳೆಯ ಪದ್ಧತಿ. ಅದರಲ್ಲಿ ಅವಿಶ್ವಾಸವೇನೂ ಇಲ್ಲ. ಸವೆದ ತುಂಡನ್ನು ಕೈಯಲ್ಲಿ ಹಿಡಿದು ನೋಡಿದ ಯಜಮಾನನು ಮುಂದಿನ ಸಾರಿ ಅದರ ಶಬ್ದವನ್ನು ಮೊದಲೇ ಗುರುತಿಸಿಯಾನು.

ಪಥ್ಯದ ವಿಚಾರವೂ ಇಲ್ಲಿಯೇ ಬರುತ್ತದೆ. ಪೆಟ್ರೋಲಿಗೆ ಮದ್ಯಸಾರವನ್ನು ಬೆರೆಸುವುದು ಹೊಸ ಕಲ್ಪನೆಯಲ್ಲ. ಅದಕ್ಕಾಗಿ 1948ರಲ್ಲಿಯೇ ಒಂದು ಶಾಸನವಾಗಿತ್ತು. ಈಚೆಗೆ ಬೆರಕೆಯು ಏರುತ್ತ ಏರುತ್ತ 2025ರಲ್ಲಿ ಶೇಕಡ 20ಕ್ಕೆ ಮುಟ್ಟಿತು. ಕಬ್ಬಿನ ಸೀಮೆಯಾದ ಮಂಡ್ಯ ಜಿಲ್ಲೆಯ ರೈತನಿಗೆ ಇದು ಹಿತವಾದ ಸುದ್ದಿ. ಎಥನಾಲು ತಯಾರಾಗುವುದು ಕಬ್ಬಿನ ಹಾಲಿನಿಂದಲೂ ಕಾಕಂಬಿಯಿಂದಲೂ ಧಾನ್ಯದಿಂದಲೂ ತಾನೆ! ಆದರೆ ಅದೇ ರೈತನ ಹಿತ್ತಿಲಿನ ಹಳೆಯ ಕಾರು ಈ ಆಹಾರಕ್ಕಾಗಿ ಹುಟ್ಟಿದ್ದಲ್ಲ. ಮದ್ಯಸಾರದಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಶಕ್ತಿ ಕಡಿಮೆ. ಜೊತೆಗೆ ಅದು ತೇವವನ್ನು ಹೀರುತ್ತದೆ, ಹಳೆಯ ಕಾಲದ ರಬ್ಬರಿನ ಕೊಳವೆಗಳನ್ನು ಮೆಲ್ಲಮೆಲ್ಲನೆ ಜೀರ್ಣಿಸುತ್ತದೆ. ತಾನು ಬೆಳೆದದ್ದೇ ತನ್ನ ಕಾರಿನ ನಾಳಗಳನ್ನು ತಿನ್ನುವುದು ವಿಧಿಯ ವಿನೋದವೆನ್ನಬೇಕು. ಕೊಳವೆಗಳನ್ನು ವರ್ಷಕ್ಕೊಮ್ಮೆ ಮುಟ್ಟಿ ನೋಡಿ, ಬಿರುಕು ಬಿಟ್ಟವನ್ನು ಬದಲಿಸುವುದೂ, ತಿಂಗಳುಗಟ್ಟಲೆ ನಿಲ್ಲುವ ಕಾರಿನಲ್ಲಿ ಇಂಧನವನ್ನು ಹಳಸಲು ಬಿಡದಿರುವುದೂ ಇದಕ್ಕೆ ಪರಿಹಾರ.

ಋತುಚರ್ಯೆಯನ್ನೂ ಅರಿತಿರಬೇಕು. ಭತ್ತದ ಕೊಯ್ಲಾದೊಡನೆ ಗದ್ದೆಯ ಇಲಿಗಳು ಆಶ್ರಯವನ್ನು ಹುಡುಕುತ್ತ ಬೆಚ್ಚನೆಯ ಎಂಜಿನ್ನಿನ ಮೇಲೆ ತೆಂಗಿನ ನಾರಿನ ಗೂಡು ಕಟ್ಟಿ, ತಂತಿಗಳನ್ನು ಕಡಿದುಹಾಕುತ್ತವೆ. ಹೊಗೆಸೊಪ್ಪನ್ನು ಇಟ್ಟು ನೋಡುವವರಿದ್ದಾರೆ. ಎರಡು ದಿನಕ್ಕೊಮ್ಮೆ ಬಾನೆಟ್ಟನ್ನು ತೆರೆದು ನೋಡುವುದು ಅದಕ್ಕಿಂತ ಉತ್ತಮ. ಬೆಳೆ ಮನೆಗೆ ಬರುವ ದಿನಗಳಲ್ಲಿ ಹುರುಳಿಯನ್ನೂ ರಾಗಿಯನ್ನೂ ರಸ್ತೆಯ ಮೇಲೆ ಹರಡಿ ಚಕ್ರಗಳಿಂದ ತುಳಿಸುವ ರೂಢಿಯಿದೆ. ಹುರುಳಿಯ ಒಣಬಳ್ಳಿ ಕಾರಿನ ಅಡಿಯ ತಿರುಗುವ ಅಂಗಗಳಿಗೆ ಸುತ್ತಿಕೊಂಡು, ಹೊಗೆಕೊಳವೆಯ ಕಾವಿಗೆ ಹೊತ್ತಿಕೊಂಡು, ಕಾರುಗಳೇ ಸುಟ್ಟುಹೋದದ್ದು ಈ ನಾಡಿನಲ್ಲಿ ಉಂಟು. ಅಂಥ ಒಕ್ಕಣೆಯನ್ನು ದಾಟಿದೊಡನೆ ನಿಲ್ಲಿಸಿ ಅಡಿಯನ್ನು ಬಗ್ಗಿ ನೋಡುವವನು ಬುದ್ಧಿವಂತ. ಮೇಲುಕೋಟೆಯ ಬೆಟ್ಟದಿಂದ ಇಳಿಯುವಾಗ ಬ್ರೇಕನ್ನೇ ಒತ್ತಿಕೊಂಡು ಬರದೆ ಕೆಳಗಿನ ಗೇರಿನಲ್ಲಿ ಬರಬೇಕೆಂಬುದೂ ಇಂಥದೇ ಒಂದು ನಿಯಮ.

ಇನ್ನುಳಿದ ಎರಡು ಪಾದಗಳು ಉಪಚಾರಕ ಮತ್ತು ರೋಗಿ. ರೋಗಿಗೆ ನೆನಪಿರಬೇಕು, ವೈದ್ಯನ ಮಾತನ್ನು ಕೇಳಬೇಕು, ಅಂಜಬಾರದು, ತನ್ನ ನೋವನ್ನು ತಿಳಿಯಹೇಳಬೇಕೆಂದು ಶಾಸ್ತ್ರ. ಕಾರಿಗೆ ನಾಲಗೆಯಿಲ್ಲವಾದುದರಿಂದ ಈ ನಾಲ್ಕು ಗುಣಗಳೂ ಯಜಮಾನನ ಮೇಲೆ ಬಂದು ಬೀಳುತ್ತವೆ. ಅವನು ಏಕಕಾಲದಲ್ಲಿ ಉಪಚಾರಕನೂ ಹೌದು, ರೋಗಿಯ ನಾಲಗೆಯೂ ಹೌದು. ಬಹಳ ಕಾರುಗಳು ಕೆಡುವುದು ಇಲ್ಲಿಯೇ.

ಪಾಂಡವಪುರ ತಾಲ್ಲೂಕಿನ ಒಬ್ಬ ಗೃಹಸ್ಥರ ಸಂಗತಿ ಇದಕ್ಕೆ ನಿದರ್ಶನ. ಅವರ ಪತ್ನಿಯ ಮೂತ್ರಪಿಂಡಗಳು ಕೆಟ್ಟು, ವಾರಕ್ಕೆ ಎರಡು ಸಾರಿ ರಕ್ತಶುದ್ಧಿಗಾಗಿ ಮೈಸೂರಿಗೆ ಕರೆದೊಯ್ಯಬೇಕಾಗಿತ್ತು. ಅದಕ್ಕಾಗಿಯೇ ಎರಡು ಹಸುಗಳನ್ನು ಮಾರಿ, ಸಾಲವನ್ನೂ ಕೂಡಿಸಿ, ಹನ್ನೆರಡು ವರ್ಷದ ಒಂದು ಕಾರನ್ನು ಕೊಂಡರು. ಕೆಲವು ತಿಂಗಳಲ್ಲಿ ಬ್ರೇಕಿನ ಪೆಡಲು ಮೆತ್ತಗಾಯಿತು. ದೊಡ್ಡ ಗ್ಯಾರೇಜೊಂದರಲ್ಲಿ ಎಣ್ಣೆ ತುಂಬಿ ಕಳುಹಿಸಿದರು. ಹದಿನೈದು ದಿನದ ಮೇಲೆ ಅದೇ ಕಥೆ. ಈ ಸಾರಿ ಮುಂಚಕ್ರಗಳ ಬ್ರೇಕ್ ಪ್ಯಾಡುಗಳನ್ನು ಬದಲಿಸಿ ದೊಡ್ಡದೊಂದು ಬಿಲ್ಲನ್ನು ಕೊಟ್ಟರು. ಪೆಡಲು ಮತ್ತೆ ಇಳಿಯಿತು. ಮೂರನೆಯ ಸಾರಿ ಹೋಗಲು ಅವರಿಗೆ ನಾಚಿಕೆಯಾಯಿತು, ಹಣವೂ ಇರಲಿಲ್ಲ. ಎಣ್ಣೆಯ ಒಂದು ಸೀಸೆಯನ್ನು ಮನೆಯಲ್ಲಿಯೇ ಇಟ್ಟುಕೊಂಡು, ಡಬ್ಬಿ ಬರಿದಾದಾಗಲೆಲ್ಲ ತಾವೇ ಹೊಯ್ಯತೊಡಗಿದರು.

ಪಂಕ್ಚರಿಗೆಂದು ಒಂದು ದಿನ ದಾರಿಯ ಬದಿಯ ಸಣ್ಣ ಗ್ಯಾರೇಜಿನಲ್ಲಿ ನಿಂತಾಗ, ಮೇಸ್ತ್ರಿ ಕಾರನ್ನು ಎರಡು ಮಾರು ಸರಿಸಿದವನು ಇಳಿದು ಬಂದು, “ಬ್ರೇಕ್ ತುಳುದ್ರೆ ಪೆಡ್ಲು ಇಳೀತಾನೇ ಹೋಯ್ತದಲ್ಲ ಯಜಮಾನ್ರೆ, ಎಣ್ಣೆ ಎಷ್ಟು ದಿವ್ಸುಕ್ಕೊಂದ್ಸಲ ಹುಯ್ತೀರಿ?” ಎಂದು ಕೇಳಿದನು. ಎಣ್ಣೆ ಹೊಯ್ಯುವ ಸಂಗತಿಯನ್ನು ಅವರು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ. ಮೇಸ್ತ್ರಿ ಹಿಂದಿನ ಚಕ್ರದ ಡ್ರಮ್ಮನ್ನು ಬಿಚ್ಚಿದಾಗ ಒಳಗೆಲ್ಲ ಎಣ್ಣೆ ಜಿನುಗಿ ಬ್ರೇಕಿನ ಪಟ್ಟಿಗಳು ನೆನೆದುಹೋಗಿದ್ದುವು. ಚಕ್ರದ ಸಿಲಿಂಡರು ಸೋರುತ್ತಿತ್ತು. ರೋಗವಿದ್ದದ್ದು ಹಿಂದೆ, ಚಿಕಿತ್ಸೆ ನಡೆದದ್ದು ಮುಂದೆ. ಸಿಲಿಂಡರುಗಳನ್ನೂ ಪಟ್ಟಿಗಳನ್ನೂ ಬದಲಿಸಿ, ಕೊಳವೆಯ ಗಾಳಿಯನ್ನು ಹೊರಗೆಡಹಿದ ಮೇಲೆ ಪೆಡಲು ಕಲ್ಲಿನಂತೆ ನಿಂತಿತು. ತಗುಲಿದ ವೆಚ್ಚ ಹಿಂದಿನ ಬಿಲ್ಲಿನ ಅರ್ಧವೂ ಇರಲಿಲ್ಲ. “ಈ ಗಾಡೀಲೇ ಅಮ್ಮಾವ್ರ ಕರ್ಕಂಡು ನಾಲೆ ಮೇಲೆ ಓಡಾಡ್ತಿದ್ರಾ?” ಎಂದಷ್ಟೇ ಮೇಸ್ತ್ರಿ ಕೇಳಿದನು. ಆ ಪ್ರಶ್ನೆಗೆ ಗೃಹಸ್ಥರಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆಯ ಭಾರವನ್ನು ಈ ಸೀಮೆಯ ಜನ ಬಲ್ಲರು. 2018ನೆಯ ನವೆಂಬರ್ 24ರಂದು ಕನಗನಮರಡಿಯ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನರು ಪ್ರಾಣಬಿಟ್ಟರು. ಅವರಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಮಕ್ಕಳೂ ಇದ್ದರು. 2023ರಲ್ಲಿಯೂ ಕಾರುಗಳು ಅದೇ ನಾಲೆಗೆ ಬಿದ್ದು ಸಂಸಾರಗಳು ಅಳಿದುವು. ಒಂದೊಂದು ಅನರ್ಥಕ್ಕೂ ಒಂದೊಂದು ಕಾರಣವಿರುತ್ತದೆ. ಎಲ್ಲವನ್ನೂ ವಾಹನದ ದೋಷವೆನ್ನುವುದು ನ್ಯಾಯವಲ್ಲ. ಆದರೆ ತಡೆಗೋಡೆಯಿಲ್ಲದ ನಾಲೆಯ ಏರಿಯ ಮೇಲೆ ದಿನವೂ ಸಾಗುವವನು ತನ್ನ ಕೈಯಲ್ಲಿರುವ ಬ್ರೇಕನ್ನೂ ಟೈರನ್ನೂ ಕುರಿತು ಉದಾಸೀನನಾಗಿರಲು ಹಕ್ಕುಳ್ಳವನಲ್ಲ. ಬ್ರೇಕಿನ ಎಣ್ಣೆಯನ್ನು ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಮಟ್ಟ ಪದೇ ಪದೇ ಇಳಿಯುತ್ತಿದ್ದರೆ ಹೊಯ್ಯುವುದಲ್ಲ, ಹುಡುಕಬೇಕು. ಆಯುಧಪೂಜೆಯ ದಿನ ಕಾರಿಗೆ ಬಾಳೆಕಂದು ಕಟ್ಟಿ, ಚಕ್ರದಡಿಗೆ ನಿಂಬೆಹಣ್ಣನ್ನಿಟ್ಟು, ಬೂದುಗುಂಬಳವನ್ನು ಒಡೆಯುವವರು ಅದೇ ದಿನ ಆ ಚಕ್ರದ ಒಳಮಗ್ಗುಲನ್ನೂ ಒಮ್ಮೆ ನೋಡಿದರೆ ಪೂಜೆಗೆ ಲೋಪವೇನೂ ಬಾರದು.

ಕಾರಿನ ಆಯುಸ್ಸಿಗೆ ಸರ್ಕಾರವೂ ಲೆಕ್ಕವಿಟ್ಟಿದೆ. ಸ್ವಂತದ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಬಳಿಕ ಪರೀಕ್ಷೆಗೆ ಒಪ್ಪಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಅದರ ಶುಲ್ಕವನ್ನು 2022ರ ಏಪ್ರಿಲಿನಿಂದ 5,000 ರೂಪಾಯಿಗೂ, 20 ವರ್ಷ ಮೀರಿದ ಕಾರುಗಳಿಗೆ 2025ರಲ್ಲಿ 10,000 ರೂಪಾಯಿಗೂ ಏರಿಸಿದರು. ಹಳೆಯ ಕಾರಿನ ಬೆಲೆಗೂ ಈ ಶುಲ್ಕಕ್ಕೂ ಹೆಚ್ಚು ಅಂತರವಿಲ್ಲದಿರುವಾಗ ಬಡ ಗೃಹಸ್ಥನು ಪೇಚಾಡುವುದು ಸಹಜ. ಆದರೂ ನಾಗಮಂಗಲದ ಕಛೇರಿಗೋ ಮಂಡ್ಯದ ಕಛೇರಿಗೋ ಪರೀಕ್ಷೆಗೆ ಹೋಗುವ ಮುನ್ನ ದೀಪ, ಬ್ರೇಕು, ಟೈರುಗಳನ್ನು ಒಂದು ದಿನದ ಮಟ್ಟಿಗೆ ಎರವಲು ತಂದು ಹಾಕಿಸಿಕೊಳ್ಳುವವನು ಅಧಿಕಾರಿಗಳನ್ನು ವಂಚಿಸಿದನೆಂದು ಹಿಗ್ಗಬಾರದು. ಮರುದಿನ ಆ ಕಾರಿನಲ್ಲಿ ಕುಳಿತುಕೊಳ್ಳುವವರು ಅವನ ಮಕ್ಕಳೇ.

ಗ್ಯಾರೇಜಿನವರ ಪಕ್ಷದಲ್ಲಿಯೂ ಎರಡು ಮಾತು ಹೇಳುವುದು ಧರ್ಮ. “ನಾಳೆ ಬೆಳಿಗ್ಗೆ ಆಯ್ತದೆ ಬುಡಿ” ಎಂಬ ಅವರ ನಾಳೆಗೆ ಕೊನೆಯಿಲ್ಲವೆಂದು ಜನ ನಗುತ್ತಾರೆ. ಆದರೆ “ಕಬ್ಬಿನ ದುಡ್ಡು ಬರ್ಲಿ, ಕೊಡ್ತೀನಿ” ಎಂಬ ಯಜಮಾನರ ನಾಳೆಗೂ ಕೊನೆಯಿಲ್ಲ. ಸಾವಿರಾರು ರೂಪಾಯಿಯ ಭಾಗಕ್ಕೆ ತುಟಿಬಿಚ್ಚದೆ ಹಣ ಕೊಡುವವನು ಮೇಸ್ತ್ರಿಯ ಮುನ್ನೂರು ರೂಪಾಯಿಯ ಕೂಲಿಯಲ್ಲಿ ನೂರನ್ನು ಕಡಿಯಲು ಅರ್ಧ ಗಂಟೆ ನಿಲ್ಲುತ್ತಾನೆ. ವಿದ್ಯೆಗೆ ಬೆಲೆ ಕೊಡದ ಊರಿನಲ್ಲಿ ವೈದ್ಯನು ಔಷಧದ ಮೇಲೆ ಲಾಭವಿಟ್ಟು ಬದುಕುವುದನ್ನು ಕಲಿಯುತ್ತಾನೆ. ಬೇಡದ ಭಾಗವನ್ನು ಬದಲಿಸುವ ಚಾಳಿ ಹುಟ್ಟುವುದು ಹೀಗೆ. ಕೈಗೆಲಸದ ಕೂಲಿಯನ್ನು ಗೌರವದಿಂದ ಕೊಡುವವನಿಗೆ ಸತ್ಯವಾದ ಮಾತು ದೊರೆಯುವುದು ಸುಲಭ.

ಆ ಗೃಹಸ್ಥರು ಈಗ ಕಾರಿನಲ್ಲಿ ಒಂದು ನೂರು ಪುಟದ ಲೆಕ್ಕದ ಪುಸ್ತಕವನ್ನು ಇಟ್ಟಿದ್ದಾರೆ. ಯಾವ ದಿನ, ಎಷ್ಟನೆಯ ಕಿಲೋಮೀಟರಿನಲ್ಲಿ, ಏನು ಶಬ್ದ, ಏನು ಬದಲಿಸಿದ್ದು, ಎಷ್ಟು ಕೊಟ್ಟದ್ದು, ಎಲ್ಲವೂ ಅದರಲ್ಲಿದೆ. ಅದೇ ಪುಸ್ತಕದ ಹಿಂಭಾಗದಿಂದ ಪತ್ನಿಯ ತೂಕ, ರಕ್ತದೊತ್ತಡ, ಔಷಧಗಳ ವಿವರವನ್ನು ಬರೆಯುತ್ತ ಬಂದಿದ್ದಾರೆ. ಎರಡು ಲೆಕ್ಕಗಳೂ ಎರಡು ಕೊನೆಗಳಿಂದ ಹೊರಟು ನಡುವಿನ ಹಾಳೆಗಳ ಕಡೆಗೆ ಸಾಗುತ್ತಿವೆ. ಒಂದು ತುಂಬುವುದು ತಡವಾಗಲೆಂದೇ ಅವರು ಇನ್ನೊಂದನ್ನು ತಪ್ಪದೆ ಬರೆಯುತ್ತಿದ್ದಾರೆ.