ಆ ಹುಡುಗ ಮೊದಲೇ ಹೇಳಿದ್ದ



ಹೋದ ತಿಂಗಳು ನಮ್ಮ ವಾಟ್ಸಾಪ್ ಗುಂಪಲ್ಲಿ ಒಂದು ಮಾತು ಹಾಕಿದ್ದೆ. "ಬೈಕ್ ಕೆಲಸ ಇದ್ರೆ ಆ ಗ್ಯಾರೇಜಿಗೆ ಹೋಗ್ಬೇಡಿ, ನನ್ನ ಗಾಡಿ ಹಾಳು ಮಾಡ್ದ" ಅಂತ. ಅದನ್ನ ವಾಪಸ್ ತಗೊಳ್ಳೋಕೆ ಇಷ್ಟುದ್ದ ಬರೀತಿದ್ದೀನಿ. ಡಿಲೀಟ್ ಮಾಡಿ ಸುಮ್ಮನಾಗಬಹುದಿತ್ತು, ಆದ್ರೆ ಓದಿದವರ ತಲೆಯಿಂದ ಡಿಲೀಟ್ ಆಗಲ್ಲ.

ನನ್ನದು ಸೆಕೆಂಡ್ ಹ್ಯಾಂಡ್ ಯಮಹಾ ಆರ್15, 2008ರಲ್ಲಿ ಬಂದ ಮೊದಲನೇ ಮಾದರಿ. 150 ಸಿಸಿ, ಆರು ಗೇರು, ಮುಂದಕ್ಕೆ ಬಗ್ಗಿ ಕೂರಬೇಕು. ನಲವತ್ತು ದಾಟಿದ ಗುಮಾಸ್ತನಿಗೆ ಇದು ಬೇಕಿತ್ತಾ ಅಂತ ಆಫೀಸಲ್ಲಿ ಎಲ್ಲರೂ ಕೇಳಿ ಆಗಿದೆ. ಬಿಎ ಓದುವಾಗ ಕಾಲೇಜು ಗೇಟ್ ಹತ್ರ ನಿಂತು ಬೇರೆಯವರ ಬೈಕ್ ನೋಡಿದವನಿಗೆ ಬೇಕಿತ್ತು, ಅಷ್ಟೇ.

ಕ್ಲಚ್ ಪ್ಲೇಟ್ ಸವೆದಿತ್ತು. ಯೂಟ್ಯೂಬ್ ನೋಡಿ ನೋಡಿ, ಕಂಪನಿ ಪ್ಲೇಟ್ ಬೇಡ ಅಂತ ಆನ್‌ಲೈನಲ್ಲಿ ಹೆವಿ ಡ್ಯೂಟಿ ಪ್ಲೇಟು, ಗಟ್ಟಿ ಸ್ಪ್ರಿಂಗು ತರಿಸಿದೆ. ನಮ್ಮ ಬೀದಿಯ ಹುಡುಗ ಐಟಿಐ ಮಾಡ್ಕೊಂಡು ಕೊಳ್ಳೇಗಾಲದಲ್ಲಿ ಗ್ಯಾರೇಜ್ ಇಟ್ಟಿದ್ದಾನೆ. ಶೀಟಿನ ಶೆಡ್ಡು, ಒಳಗೆ ಬಾಬಾಸಾಹೇಬರ ಫೋಟೋ. ಬಿಚ್ಚಿದವನೇ ಕರೆದು ತೋರಿಸಿದ. "ಅಣ್ಣ, ಈ ಹೌಸಿಂಗ್ ನೋಡಿ, ಕಚ್ಚು ಬಿದ್ದದೆ. ಹೊಸ ಪ್ಲೇಟು ಇದ್ರೊಳಗೆ ಸಿಕ್ಕಾಕತದೆ. ಇದ್ನೂ ಬದಲಾಯ್ಸಿ." ಪ್ಲೇಟಿಗೇ ಅಷ್ಟು ಸುರಿದಿದ್ದೆ. "ಇರೋದ್ರಲ್ಲೇ ಹಾಕಪ್ಪ" ಅಂದೆ. ಅವನು ಇನ್ನೊಂದು ಸಲ ಹೇಳಿದ. ನಾನೂ ಇನ್ನೊಂದು ಸಲ ಅದನ್ನೇ ಅಂದೆ.

ಈಚೆ ಬಂದಾಗಿನಿಂದ್ಲೇ ತಕರಾರು. ಲಿವರ್ ಪೂರ್ತಿ ಹಿಡಿದ್ರೂ ಗಾಡಿ ಮೊದಲನೇ ಗೇರಲ್ಲಿ ಮುಂದಕ್ಕೆ ತೆವಳೋದು. ನಿಂತಾಗ ನ್ಯೂಟ್ರಲ್ ಬೀಳ್ತಿರಲಿಲ್ಲ. ಗಟ್ಟಿ ಸ್ಪ್ರಿಂಗಿಗೆ ಎಡಗೈ ನೋವು ಬೇರೆ. ಬಸ್ ಸ್ಟ್ಯಾಂಡ್ ಹತ್ರ ಹೂವಿನ ಗಾಡಿಗೆ ಗುದ್ದೇ ಬಿಟ್ಟೆ. ಆ ಅಜ್ಜಿ ಬೈದದ್ದನ್ನ ಇಲ್ಲಿ ಬರೆಯೋಕಾಗಲ್ಲ. ಆವತ್ತು ರಾತ್ರಿನೇ ಗುಂಪಲ್ಲಿ ಆ ಮೆಸೇಜು.

ಆಮೇಲೆ ಮೈಸೂರಿನ ಒಂದು ದೊಡ್ಡ ಗ್ಯಾರೇಜಿಗೆ ಒಯ್ದೆ. ಎಸಿ ರೂಮಲ್ಲಿ ಕೂರಿಸಿದ್ರು, ಕ್ಲಚ್ ಕೇಬಲ್ ಬಿಗಿ ಮಾಡಿ ಬಿಲ್ ಕೊಟ್ರು. ತೆವಳೋದು ಕಮ್ಮಿ ಆಯ್ತು, ಖುಷಿಯಾದೆ. ಆ ಭಾನುವಾರ ಮಾದಪ್ಪನ ಬೆಟ್ಟದ ಕಡೆ ಒಂದು ಹಳ್ಳಿಗೆ ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ ತುಂಬಿಸೋಕೆ ಹೆಂಡ್ತಿ ಜೊತೆ ಹೊರಟೆ. ತಾಳಬೆಟ್ಟ ದಾಟಿ ಘಾಟ್ ಏರ್ತಿದ್ದಂಗೆ ಇಂಜಿನ್ ಕೂಗ್ತದೆ, ಗಾಡಿ ಏರಲ್ಲ. ಸುಟ್ಟ ವಾಸನೆ. ತಿರುವಿನಲ್ಲಿ ಹಿಂದೆ ಬಸ್ಸು ಹಾರ್ನ್ ಹೊಡೀತಿದೆ, ನಮ್ಮ ಗಾಡಿ ನಿಂತೇ ಹೋಯ್ತು. ಇಳಿದು ಅಂಚಿಗೆ ತಳ್ಳೋಷ್ಟರಲ್ಲಿ ಕೈಕಾಲು ನಡುಗ್ತಿತ್ತು. "ಆ ಹುಡುಗನ್ಗೇ ಫೋನ್ ಮಾಡಿ" ಅಂದ್ಲು ಹೆಂಡ್ತಿ.

ಅವನು ಗೂಡ್ಸ್ ಆಟೋ ತಗೊಂಡು ಬಂದ. ಮೆಸೇಜ್ ವಿಚಾರ ಎತ್ತಲಿಲ್ಲ. ಅವನೂ ಅದೇ ಗುಂಪಲ್ಲಿದ್ದಾನೆ.

ಶೆಡ್ಡಲ್ಲಿ ಮೊದಲು ಕೇಳಿದ್ದು ಯಾವ ಆಯಿಲ್ ಅಂತ. ಈ ಕ್ಲಚ್ಚು ಇಂಜಿನ್ ಆಯಿಲಲ್ಲೇ ಮುಳುಗಿರುತ್ತೆ. ಕಾರಿನ ಕೆಲವು ಆಯಿಲ್‌ಗಳಲ್ಲಿ ಜಾರಿಕೆ ಹೆಚ್ಚಿಸೋ ಅಂಶ ಇರುತ್ತೆ, ಅದು ಹಾಕಿದ್ರೆ ಪ್ಲೇಟೇ ಜಾರುತ್ತೆ. ಡಬ್ಬದ ಮೇಲೆ ಜಾಸೋ ಎಂಎ ಅಂತ ಇರಬೇಕು. ನನ್ನದು ಸರಿ ಇತ್ತು. ಆಮೇಲೆ ಲಿವರ್ ಮುಟ್ಟಿದ. ತುದಿಯಲ್ಲಿ 10ರಿಂದ 15 ಮಿಲಿಮೀಟರ್ ಸಡಿಲ ಆಟ ಬೇಕು, ನನ್ನದರಲ್ಲಿ ಒಂಚೂರೂ ಇಲ್ಲ. ಅಂದ್ರೆ ಲಿವರ್ ಬಿಟ್ಟಿದ್ರೂ ಒಳಗೆ ಕ್ಲಚ್ ಅರ್ಧ ಹಿಡಿದಂಗೇ. ಪ್ಲೇಟುಗಳು ಒತ್ತಿ ಕೂರದೆ ಜಾರಿ ಸುಟ್ಟಿವೆ. ಮೈಸೂರಿನವರು ಒಂದು ರೋಗ ಮುಚ್ಚಿ ಇನ್ನೊಂದು ತಂದಿದ್ರು.

ಕವರ್ ಬಿಚ್ಚಿದ ಮೇಲೆ ಮೊದಲನೇ ರೋಗದ ಬೇರು ಕಂಡಿತು. ಹೌಸಿಂಗ್ ಅಂದ್ರೆ ಪ್ಲೇಟುಗಳು ಕೂರೋ ಬಟ್ಟಲು. ಲಿವರ್ ಹಿಡಿದಾಗ ಪ್ಲೇಟಿನ ಕಿವಿಗಳು ಅದರ ಸಂದಿನಲ್ಲಿ ಸಲೀಸಾಗಿ ಸರಿದು ಬಿಡಿಸ್ಕೋಬೇಕು. ಹಳೇ ಪ್ಲೇಟುಗಳು ವರ್ಷಗಟ್ಟಲೆ ಬಡಿದು ಅಲ್ಲಿ ಕಚ್ಚು ಕೊರೆದಿದ್ವು, ಹೊಸವು ಹೋಗಿ ಅದೇ ಕಚ್ಚಲ್ಲಿ ಸಿಕ್ಕಿಕೊಂಡಿದ್ವು. ಸಣ್ಣದಾದ್ರೆ ಅರ ಹಾಕಿ ಉಜ್ಜಬಹುದಂತೆ. ನನ್ನದರಲ್ಲಿ ಉಗುರೇ ನಿಲ್ತಿತ್ತು. (ಇದನ್ನ ಸಮಾಜಕ್ಕೆ ಹೋಲಿಸಿ ಯಾರೂ ಕಾಮೆಂಟ್ ಹಾಕ್ಬೇಡಿ. ನಾನು ಕ್ಲಚ್ ಬಗ್ಗೆನೇ ಹೇಳ್ತಿರೋದು.)

ಸಮಾಜದ ಮಾತು ಬೇರೆ ಇದೆ, ಅದು ನನ್ನದೇ. ಇಪ್ಪತ್ತು ವರ್ಷದಿಂದ ವೇದಿಕೆ ಸಿಕ್ಕಲ್ಲೆಲ್ಲಾ "ನಮ್ಮ ಹುಡುಗರ ಅಂಗಡಿಗೆ ಹೋಗಿ" ಅಂದವನು ನಾನು. ಗಾಡಿ ಕೆಟ್ಟ ತಕ್ಷಣ ತಲೆಗೆ ಬಂದಿದ್ದು "ಇವನಿಗೆ ಕೆಲಸ ಗೊತ್ತಿಲ್ಲ" ಅಂತ. ಘಾಟಲ್ಲಿ ನಿಂತಾಗ ಮೈಸೂರಿನವರ ಮೇಲೆ ಆ ಅನುಮಾನ ಬರಲೇ ಇಲ್ಲ. "ಗಾಡಿದೇ ಏನೋ ತೊಂದ್ರೆ" ಅಂದ್ಕೊಂಡೆ. ಯಾರೂ ಹೇಳಿಕೊಡದೆ ಈ ಲೆಕ್ಕ ನನ್ನೊಳಗೆ ಹೆಂಗೆ ಬಂತು ಅಂತ ಮೂರು ದಿನ ನಿದ್ದೆ ಸರಿಯಾಗಿ ಬಂದಿಲ್ಲ.

ಚೀಟಿ ದುಡ್ಡು ಎತ್ತಿ ಹೊಸ ಹೌಸಿಂಗು, ಕಂಪನಿ ಪ್ಲೇಟು ತರಿಸಿದೆ. ಪ್ಲೇಟುಗಳನ್ನ ರಾತ್ರಿಯೆಲ್ಲಾ ಆಯಿಲಲ್ಲಿ ನೆನೆಸಿಟ್ಟ. ಉಕ್ಕಿನ ಪ್ಲೇಟುಗಳನ್ನ ಗಾಜಿನ ಮೇಲಿಟ್ಟು ಸೊಟ್ಟ ಇದೆಯಾ ನೋಡಿದ. ಗಟ್ಟಿ ಸ್ಪ್ರಿಂಗ್ ತೆಗೆದು ಹಳೇದನ್ನೇ ಅಳೆದು ಹಾಕ್ದ. ಈಗ ಎರಡು ಬೆರಳಲ್ಲಿ ಲಿವರ್ ಬರುತ್ತೆ.

ದುಡ್ಡು ಕೊಡುವಾಗ ಕೇಳಿದೆ, "ಮೆಸೇಜ್ ಓದಿದ್ಯೇನಪ್ಪ?"

"ಓದ್ದೆ ಕಣಣ್ಣ. ಆ ವಾರ ಬರ್ತೀವಿ ಅಂದಿದ್ದ ಮೂರು ಗಾಡಿ ಬರ್ಲಿಲ್ಲ."

ಆ ಮೂರು ಗಾಡಿಯವರು ಇದನ್ನ ಓದ್ತಿದ್ರೆ, ಅವನು ಭಾನುವಾರನೂ ಶೆಡ್ ತೆಗೆದಿರ್ತಾನೆ.