ದೇವನಹಳ್ಳಿಯಿಂದ ಒಂದು ದಾರ ಎಳೆದರೆ

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ವಿಮಾನದ ಹಾದಿ ಎಷ್ಟು ದೂರ? ಮಗನೋ ಮಗಳೋ ಅಲ್ಲಿ ಓದುತ್ತಿರುವ ಮನೆಗಳಲ್ಲಿ ಈ ಲೆಕ್ಕ ಬಾಯಿಪಾಠವೇ ಆಗಿರುತ್ತದೆ: ಸುಮಾರು 14 ಸಾವಿರ ಕಿಲೋಮೀಟರ್. ಆದರೆ ಆ ಹಾದಿ ಯಾವ ನಾಡುಗಳ ಮೇಲೆ ಹೋಗುತ್ತದೆಂದು ಕೇಳಿ ನೋಡಿ. ಹೆಚ್ಚಿನವರು ಗೋಡೆಯ ಭೂಪಟದ ಮೇಲೆ ಎಡಕ್ಕೆ ಬೆರಳು ಎಳೆಯುತ್ತಾರೆ: ಅರಬ್ಬಿ ಸಮುದ್ರ, ಯೆಮೆನ್, ಸಹಾರಾ ಮರುಭೂಮಿ, ಅಟ್ಲಾಂಟಿಕ್ ಸಾಗರ, ಆಮೇಲೆ ಅಮೆರಿಕ. 14 ಸಾವಿರಕ್ಕೂ ಆ ಗೆರೆಗೂ ಸಂಬಂಧವೇ ಇಲ್ಲ.

ಭೂಪಟವನ್ನು ಬಿಟ್ಟು ಶಾಲೆಯ ಗ್ಲೋಬು ಹಿಡಿಯಿರಿ. ಹೂ ಕಟ್ಟುವ ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಒತ್ತಿ ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಉತ್ತರಕ್ಕೆ ಸರಿಯುತ್ತದೆ. ನೇಪಾಳ, ಟಿಬೆಟ್, ಮಂಗೋಲಿಯದ ಪಶ್ಚಿಮದಂಚು, ಸೈಬೀರಿಯ, ಆರ್ಕ್ಟಿಕ್ ಸಾಗರದ ಕರಾವಳಿ, ಅಲಾಸ್ಕ! ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದವರೆಗೂ ಏರಿ ಇಳಿಯುವ ಹಾದಿ ಇದು. 30 ಸೆಂಟಿಮೀಟರ್ ವ್ಯಾಸದ ಗ್ಲೋಬಿನಲ್ಲಿ ದಾರ ಸುಮಾರು 33 ಸೆಂಟಿಮೀಟರ್ ಬರುತ್ತದೆ. ಗಣಿತದ ಮೇಷ್ಟ್ರು ಇದನ್ನು ಮಹಾವೃತ್ತದ ತುಂಡು ಎನ್ನುತ್ತಾರೆ.

ಹಾಗಾದರೆ ವಿಮಾನ ಈ ದಾರದ ಮೇಲೆಯೇ ಹೋಗುತ್ತದೆಯೇ? ಅಪರೂಪ. ಟಿಬೆಟ್ಟಿನ ಎತ್ತರದ ನೆಲವೇ ಮೊದಲ ಅಡ್ಡಿ. ವಿಮಾನದೊಳಗಿನ ಗಾಳಿಯೊತ್ತಡ ಕುಸಿದರೆ ಹತ್ತು ಸಾವಿರ ಅಡಿಯ ಆಸುಪಾಸಿಗೆ ಬೇಗ ಇಳಿಯಬೇಕು. ಅಲ್ಲಿ ನೆಲವೇ ಅದಕ್ಕಿಂತ ಎತ್ತರ. ಎರಡನೆಯದು ಗಾಳಿ. ಮೇಲುಗಡೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಿರುಗಾಳಿಯನ್ನು ಬೆನ್ನಿಗೆ ಹಾಕಿಕೊಂಡರೆ ಸುತ್ತುಹಾದಿಯೂ ಲಾಭ. ಎದುರಿಗೆ ಸಿಕ್ಕಿದರೆ ಹತ್ತಿರದ ಹಾದಿಯೂ ನಷ್ಟ.

2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾದ ಮೊದಲ ನೇರ ವಿಮಾನ ಉತ್ತರ ಧ್ರುವದ ಮೇಲೆಯೇ ಹಾದು ಬೆಂಗಳೂರಿಗೆ ಬಂತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಸಂಗಡಿಗರು, ಚಾಲಕರೆಲ್ಲ ಮಹಿಳೆಯರೇ. ಪ್ರಯಾಣ ಸುಮಾರು 17 ಗಂಟೆ. ಧ್ರುವದ ಹಾದಿಯಲ್ಲಿ ಇಂಧನವೇ ಗಟ್ಟಿಯಾಗದಂತೆ ಕಾಯಬೇಕು; ನಮ್ಮಲ್ಲಿ ಬಳಸುವ ವಿಮಾನದ ಇಂಧನಕ್ಕೆ ಮೈನಸ್ 47 ಡಿಗ್ರಿ ಮಿತಿ. ನಮ್ಮ ಕೊಬ್ಬರಿ ಎಣ್ಣೆ ಡಿಸೆಂಬರಿನಲ್ಲೇ ಸೋಲುತ್ತದೆ, ಬಿಡಿ.

ಮೂರನೆಯದು, ಇಳಿಯಬೇಕಾಗಿ ಬಂದರೆ ಎಲ್ಲಿ ಎಂಬ ಚಿಂತೆ. ಉಕ್ರೇನ್ ಯುದ್ಧ ಶುರುವಾದ ಮೇಲೆ, 2022ರಲ್ಲಿ, ರಷ್ಯ ಅಮೆರಿಕದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ನಮ್ಮ ವಿಮಾನಗಳು ಹೋಗುತ್ತಲೇ ಇದ್ದವು. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ಏರ್ ಇಂಡಿಯಾ ವಿಮಾನ ಎಂಜಿನ್ ತೊಂದರೆಯಿಂದ ರಷ್ಯದ ಪೂರ್ವದಂಚಿನ ಮಗದಾನ್‌ನಲ್ಲಿ ಇಳಿಯಿತು. ಸಿಬ್ಬಂದಿ ಸೇರಿ 232 ಜನ. ಊರಲ್ಲಿ ಅಷ್ಟು ಮಂದಿಗೆ ಹೋಟೆಲಿಲ್ಲದೆ ಸಿಕ್ಕಸಿಕ್ಕ ಕಡೆ ಹಾಸಿಗೆ ಹಾಕಿಕೊಟ್ಟರು. ಇತ್ತ ಮನೆಗಳಲ್ಲಿ ಫೋನು ಕಾಯುತ್ತ ಕುಳಿತವರ ಪಾಡು ಹೇಳುವುದೇ ಬೇಡ.

ಮುಂಬೈಯಿಂದ ಬೇರೊಂದು ವಿಮಾನ ಹೋಗಿ ಅವರನ್ನು ಹತ್ತಿಸಿಕೊಂಡಿತು. ಮಗದಾನ್ ಬಿಟ್ಟದ್ದು ಜೂನ್ 8ರ ಬೆಳಿಗ್ಗೆ ಹತ್ತೂವರೆಗೆ. ಸ್ಯಾನ್ ಫ್ರಾನ್ಸಿಸ್ಕೋ ತಲುಪಿದ್ದು ಅದೇ ಜೂನ್ 8ರ ನಡುರಾತ್ರಿ, ಹನ್ನೆರಡು ದಾಟಿ ಏಳು ನಿಮಿಷಕ್ಕೆ. ಹೊರಡುವ ಮೊದಲೇ ತಲುಪಿದ್ದು ಹೇಗೆ ಎಂದು ಮಕ್ಕಳನ್ನು ಕೇಳಿ. ಗ್ಲೋಬು ಇನ್ನೂ ಕೈಯಲ್ಲೇ ಇದೆಯಲ್ಲ.