ನಿಲ್ಲುವುದನ್ನು ಕಲಿತ ವರ್ಷ

ಕಾಲೇಜಿನ ಎರಡನೇ ವರ್ಷ, ಚಳಿಗಾಲ ಮುಗಿಯುವ ಹೊತ್ತಿಗೆ ನನ್ನನ್ನು ರನ್ನಿಂಗ್ ಬ್ಯಾಕ್ ಜಾಗದಿಂದ ತೆಗೆದು ವೈಡ್ ರಿಸೀವರ್ ಮಾಡಿದರು. ಕೋಚ್ ಕೊಠಡಿಯಲ್ಲಿ ಆ ಮಾತುಕತೆ ಐದು ನಿಮಿಷವೂ ನಡೆಯಲಿಲ್ಲ. ತಂಡದಲ್ಲಿ ನಿನ್ನಷ್ಟು ವೇಗ ಯಾರಿಗೂ ಇಲ್ಲ, ಒಳಗಿನ ನೂಕುನುಗ್ಗಲಿನಲ್ಲಿ ಅದು ದಂಡವಾಗುತ್ತಿದೆ, ಇನ್ನು ಮೇಲೆ ಹೊರಗೆ ನಿಲ್ಲು ಎಂದರು. ಹೊಗಳಿದರೋ ಹೊರಗೆ ಹಾಕಿದರೋ ತಿಳಿಯದೆ ಎದ್ದು ಬಂದೆ.

ಅಪ್ಪನಿಗೆ ಫೋನ್ ಮಾಡಿ ಹೇಳಿದರೆ, ಇದರಲ್ಲಿ ಸಂಕಟಪಡುವಂಥದ್ದೇನು ಅಂತ ಅವರಿಗೆ ಅರ್ಥವೇ ಆಗಲಿಲ್ಲ. "ಇಷ್ಟು ದಿನ ಬಾಲ್ ಕೈಗೆ ಕೊಡ್ತಿದ್ರು, ಇನ್ಮೇಲೆ ಎಸೀತಾರೆ. ಅಷ್ಟೇ ತಾನೇ ಮಗಾ?" ಎಂದರು.

ಈ ಆಟ ನೋಡದವರಿಗೂ ಹಾಗೇ ಅನ್ನಿಸಬಹುದು. ಅಮೆರಿಕದ ಫುಟ್‌ಬಾಲ್‌ನಲ್ಲಿ ಕಾಲಿನ ಕೆಲಸ ಓಡುವುದು. ಚೆಂಡು ಹೆಚ್ಚಾಗಿ ಕೈಯಲ್ಲೇ ಇರುತ್ತದೆ. ಮೈದಾನ 100 ಗಜ ಉದ್ದ, 53 ಗಜದಷ್ಟು ಅಗಲ. ಒಂದೊಂದು ಕಡೆ 11 ಜನ. ನಾಲ್ಕು ಅವಕಾಶದೊಳಗೆ 10 ಗಜ ಮುಂದೆ ಹೋಗಬೇಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಕ್ವಾರ್ಟರ್‌ಬ್ಯಾಕ್ ಆಟ ನಡೆಸುವವನು. ರನ್ನಿಂಗ್ ಬ್ಯಾಕ್ ಅವನ ಪಕ್ಕದಲ್ಲೋ ಹಿಂದೆಯೋ ನಿಂತು, ಹೊಟ್ಟೆಗೆ ಒತ್ತಿದ ಚೆಂಡನ್ನು ಅಪ್ಪಿಕೊಂಡು, ಮುಂದಿನ ದಢೂತಿಗಳು ತಳ್ಳಿ ಮಾಡಿಕೊಟ್ಟ ಸಂದಿಯಲ್ಲಿ ನುಗ್ಗುತ್ತಾನೆ. ವೈಡ್ ರಿಸೀವರ್ ಇವರೆಲ್ಲರಿಂದ ದೂರ, ಮೈದಾನದ ಅಂಚಿನ ಗೆರೆಯ ಹತ್ತಿರ ಒಬ್ಬನೇ ನಿಂತಿರುತ್ತಾನೆ. ಮೊದಲೇ ಗೊತ್ತುಮಾಡಿದ ದಾರಿಯಲ್ಲಿ ಓಡಿ, ಎಸೆದದ್ದನ್ನು ಹಿಡಿಯುವುದು ಅವನ ಕೆಲಸ.

ನಾನು ಹುಟ್ಟಿದ್ದು ತಿಪಟೂರಿನಲ್ಲಿ. ಏಳನೇ ಕ್ಲಾಸಿಗೆ ಬರುವಷ್ಟರಲ್ಲಿ ಅಪ್ಪನ ಕೆಲಸದ ಹಿಂದೆ ನಾವೂ ಟೆಕ್ಸಸ್‌ಗೆ ಬಂದೆವು. ಅಲ್ಲಿ ಶುಕ್ರವಾರ ರಾತ್ರಿ ಹೈಸ್ಕೂಲ್ ಮ್ಯಾಚಿದ್ದರೆ ಊರಿಗೆ ಊರೇ ಮೈದಾನದಲ್ಲಿರುತ್ತದೆ. ನಾನು 100 ಮೀಟರ್ ಓಡುತ್ತಿದ್ದವನು. ಓಟ ನೋಡಿದ ಫುಟ್‌ಬಾಲ್ ಕೋಚ್ ಕರೆದು ಚೆಂಡು ಕೈಗಿಟ್ಟರು. ಕಬಡ್ಡಿಯಲ್ಲಿ ರೈಡಿಗೆ ಹೋದವನ ಹಾಗೆ, ಸುತ್ತ ಕೈಗಳು ಚಾಚಿಕೊಂಡಿದ್ದರೆ ಮೈ ತಾನೇ ದಾರಿ ಹುಡುಕಿಕೊಳ್ಳುತ್ತಿತ್ತು. ಚೆಂಡು ಹೊಟ್ಟೆಗೆ ತಾಗಿದ ಮೇಲೆ ನಾನು ಯೋಚಿಸಿದ್ದು ನೆನಪಿಲ್ಲ. ಕಾಲೇಜಿಗೆ ಸ್ಕಾಲರ್‌ಶಿಪ್ ಸಿಕ್ಕಿದ್ದೂ ಅದರಿಂದಲೇ.

ಕಾಲೇಜಿನಲ್ಲಿ ರನ್ನಿಂಗ್ ಬ್ಯಾಕ್‌ಗೆ ಇನ್ನೊಂದು ಕೆಲಸ ಗಂಟುಬೀಳುತ್ತದೆ. ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವಾಗ ಅವನ ಮೇಲೆ ನುಗ್ಗಿ ಬರುವ ಲೈನ್‌ಬ್ಯಾಕರ್‌ಗೆ ಅಡ್ಡ ನಿಲ್ಲಬೇಕು. ಆ ಆಸಾಮಿ 100 ಕಿಲೋ ಮೇಲಿರುತ್ತಾನೆ, ನಾನು 80ರ ಆಸುಪಾಸು. ಅಡ್ಡ ನಿಂತರೂ ನನ್ನನ್ನೇ ಹೊತ್ತುಕೊಂಡು ಹೋಗಿ ಕ್ವಾರ್ಟರ್‌ಬ್ಯಾಕ್ ಮಡಿಲಿಗೆ ಹಾಕುತ್ತಿದ್ದರು. ವೇಗವಿದ್ದು ತೂಕವಿಲ್ಲದ ರನ್ನಿಂಗ್ ಬ್ಯಾಕ್‌ಗಳನ್ನು ಅಂಚಿಗೆ ಸಾಗಿಸುವುದಕ್ಕೆ ಬಹಳ ಸಲ ಇದೇ ಕಾರಣ. ಹಾಗಾಗಿ ನಿರ್ಧಾರದ ತರ್ಕ ನನಗೆ ಗೊತ್ತಿತ್ತು. ತರ್ಕ ಗೊತ್ತಿದ್ದ ಮಾತ್ರಕ್ಕೆ ಮೈ ಒಪ್ಪಬೇಕಲ್ಲ.

ರಿಸೀವರ್‌ಗಳ ಕೋಚ್ ಧೈರ್ಯ ತುಂಬಲು ಹಳಬರ ಕಥೆ ಹೇಳುತ್ತಿದ್ದರು. ಚಾರ್ಲಿ ಟೇಲರ್ 1964ರಲ್ಲಿ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ವಾಷಿಂಗ್ಟನ್ ತಂಡಕ್ಕೆ ರನ್ನಿಂಗ್ ಬ್ಯಾಕ್ ಆಗಿಯೇ ಬಂದವರು. 1966ರಲ್ಲಿ ಕೋಚ್ ಆಟೋ ಗ್ರಹಾಂ ಅವರನ್ನು ಅಂಚಿಗೆ ಕಳಿಸಿದರು. ಆ ವರ್ಷವೇ ಟೇಲರ್ 72 ಕ್ಯಾಚ್ ಹಿಡಿದು ಇಡೀ ಲೀಗ್‌ಗೆ ಮೊದಲಿಗರಾದರು. ಆಟ ಬಿಡುವಾಗ ಅವರ ಹೆಸರಲ್ಲಿ 649 ಕ್ಯಾಚ್‌ಗಳಿದ್ದವು, ಆಗ ಅದೇ ದಾಖಲೆ. ಇನ್ನೊಬ್ಬರು ಬಾಬ್ ಹೇಯ್ಸ್. ಫ್ಲಾರಿಡಾ ಎ ಆಂಡ್ ಎಂ ಕಾಲೇಜಿನಲ್ಲಿ ಬ್ಯಾಕ್ ಆಗಿ ಓಡುತ್ತಿದ್ದ ಹುಡುಗ 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಚಿನ್ನ ಗೆದ್ದು, ಮರುವರ್ಷ ಡಲ್ಲಾಸ್ ಕೌಬಾಯ್ಸ್‌ಗೆ ರಿಸೀವರ್ ಆದರು. ಒಬ್ಬನೇ ಬೆನ್ನುಹತ್ತಿದರೆ ಅವರನ್ನು ಹಿಡಿಯಲಾಗದೆ, ರಕ್ಷಣೆಯವರು ಜಾಗ ಹಂಚಿಕೊಂಡು ಕಾಯುವ ಝೋನ್ ಪದ್ಧತಿಯತ್ತ ಹೊರಳಿದರು ಎನ್ನುತ್ತಾರೆ. ಇವೆಲ್ಲ ಕೇಳಲು ಚೆನ್ನಾಗಿತ್ತು. ಆದರೆ ಕಥೆಯಲ್ಲಿ ಬರುವುದು ಹಿಡಿದ ಕ್ಯಾಚ್‌ಗಳ ಲೆಕ್ಕ. ಆ ಹೊಸ ಜಾಗದ ಮೊದಲ ವಾರಗಳಲ್ಲಿ ಅವರ ಮೈಕೈ ಏನಾಗಿತ್ತು ಅಂತ ಯಾರೂ ಹೇಳುವುದಿಲ್ಲ.

ನನ್ನ ಮೈಕೈ ಏನಾಯಿತು ಅಂತ ಹೇಳುತ್ತೇನೆ.

ರಿಸೀವರ್ ಓಡುವ ದಾರಿಗಳಿಗೆ ಸೊನ್ನೆಯಿಂದ ಒಂಬತ್ತರವರೆಗೆ ನಂಬರು. ಸಮಸಂಖ್ಯೆ ಬಂದರೆ ಒಳಗೆ ತಿರುಗಬೇಕು, ಬೆಸ ಬಂದರೆ ಹೊರಗೆ. ಒಂಬತ್ತು ಮಾತ್ರ ತಿರುವಿಲ್ಲದ ನೇರ ಓಟ. ಬಾಯಿಪಾಠ ಒಂದು ವಾರದ ಕೆಲಸ. ಕಾಲಿಗೆ ಕಲಿಸುವುದು ಬೇರೆಯೇ ಮಾತು. ನಾಲ್ಕನೇ ನಂಬರಿನ ದಾರಿ ಅಂದರೆ 12 ಗಜ ಪೂರ್ತಿ ವೇಗದಲ್ಲಿ ಓಡಿ, ಎರಡು ಮೂರು ಹೆಜ್ಜೆಯಲ್ಲಿ ನಿಂತು, ಕ್ವಾರ್ಟರ್‌ಬ್ಯಾಕ್ ಕಡೆ ತಿರುಗಬೇಕು. ನಾನು ತಿರುಗುವ ಮೊದಲೇ ಅವನು ಎಸೆದಿರುತ್ತಾನೆ. ಒಂದು ಹೆಜ್ಜೆ ಹೆಚ್ಚು ಹಾಕಿದರೂ ಚೆಂಡು ಎದುರಾಳಿಯ ಪಾಲು.

ಅಲ್ಲಿಯವರೆಗೆ ನನ್ನನ್ನು ನಿಲ್ಲಿಸುವುದು ಎದುರಾಳಿಗಳ ಕೆಲಸವಾಗಿತ್ತು. ಬಂದು ಗುದ್ದಿ ಕೆಡವುತ್ತಿದ್ದರು, ನಿಲ್ಲುತ್ತಿದ್ದೆ. ಈಗ ನನ್ನನ್ನು ನಾನೇ ನಿಲ್ಲಿಸಿಕೊಳ್ಳಬೇಕು. ಸೊಂಟ ಇಳಿಸಿ, ಎದೆ ಮಂಡಿಯ ಮೇಲೆ ಬರುವಂತೆ ಬಾಗಿ, ಸಣ್ಣ ಸಣ್ಣ ಹೆಜ್ಜೆ ಕುಟ್ಟಿ ವೇಗವನ್ನು ನೆಲಕ್ಕೆ ಇಳಿಸಬೇಕು. ಸಂಜೆಯ ಹೊತ್ತಿಗೆ ಮಂಡಿ ಉರಿಯುತ್ತಿತ್ತು. ಹಾಸ್ಟೆಲಿನ ಮೆಟ್ಟಿಲನ್ನು ಕಂಬಿ ಹಿಡಿದು ಅಡ್ಡಡ್ಡಲಾಗಿ ಇಳಿಯುತ್ತಿದ್ದೆ.

ಕಾಲೇಜು ತಂಡಗಳಿಗೆ ವಸಂತದಲ್ಲಿ ಸಿಗುವುದು 15 ಪ್ರ್ಯಾಕ್ಟೀಸ್ ಮಾತ್ರ, ನಿಯಮವೇ ಹಾಗಿದೆ. ಹೊಸ ಜಾಗ ಕಲಿಯುವವನಿಗೆ ಅದು ಯಾವ ಮೂಲೆಗೂ ಸಾಲದು. ಅದರಲ್ಲೂ ಅರ್ಧಕ್ಕೆ ಬರುವಾಗ ನನ್ನ ತೊಡೆಯ ಹಿಂಬದಿಯ ಹ್ಯಾಮ್‌ಸ್ಟ್ರಿಂಗ್ ಹಿಡಿಯಿತು. ಯಾರೋ ಹಿಂದಿನಿಂದ ಒದ್ದರು ಅಂದುಕೊಂಡು ತಿರುಗಿ ನೋಡಿದೆ, ಯಾರೂ ಇರಲಿಲ್ಲ. ಒಳಗೆ ಆಡುವಾಗ ನಾಲ್ಕೈದು ಗಜದ ಚುರುಕು ಓಟ ಸಾಕಿತ್ತು. ಅಂಚಿನಲ್ಲಿ ಒಂದೇ ಸಮನೆ ಉದ್ದುದ್ದ ಓಟ, ಗಕ್ಕನೆ ನಿಲ್ಲುವುದು, ಮತ್ತೆ ಓಟ. ಸ್ನಾಯುವಿಗೆ ಆ ಲೆಕ್ಕ ಒಗ್ಗಿರಲಿಲ್ಲ. ಉಳಿದ ವಸಂತವೆಲ್ಲ ಐಸ್ ಕಟ್ಟಿಕೊಂಡು ಗೆರೆಯಾಚೆ ನಿಂತು, ನನ್ನ ಹಳೆಯ ಜಾಗದಲ್ಲಿ ಹೊಸ ಹುಡುಗ ಓಡುವುದನ್ನು ನೋಡಿದೆ. ಒಳ್ಳೆಯ ಹುಡುಗ. ಅವನು ಕೆಟ್ಟವನಾಗಿದ್ದರೆ ಮನಸ್ಸಿಗೆ ಸುಲಭವಾಗುತ್ತಿತ್ತು.

ಬೇಸಿಗೆಯಲ್ಲಿ ಕಾಲು ಸರಿಹೋಯಿತು, ಕೈಯ ಸರದಿ ಶುರುವಾಯಿತು. ತಿಪಟೂರಿನ ಬೀದಿಯಲ್ಲಿ ಕ್ರಿಕೆಟ್ ಆಡುವಾಗ ಅಪ್ಪ ಕ್ಯಾಚ್ ಹಿಡಿಯಲು ಕಲಿಸಿದ್ದರು: ಬಾಲ್ ಬಂದ ಹಾಗೇ ಕೈಯನ್ನು ಹಿಂದಕ್ಕೆ ತಗೊ, ಬಿಗಿ ಹಿಡಿಯಬೇಡ. ಆ ಪಾಠ ಇಲ್ಲೂ ನಡೆಯಿತು. ನಡೆಯದೇ ಹೋದದ್ದು ಅಂಗೈ. ಕ್ರಿಕೆಟ್ ಚೆಂಡು ಅಂಗೈಯಲ್ಲಿ ಕೂರುತ್ತದೆ; ಈ ಉದ್ದನೆಯ ಚೆಂಡು ತಿರುಗುತ್ತಾ ಬಂದು ಅಂಗೈಗೆ ಬಡಿದರೆ ಚಿಮ್ಮಿ ಹೋಗುತ್ತದೆ. ಬೆರಳ ತುದಿಗಳಲ್ಲೇ ಹಿಡಿಯಬೇಕು. ಎದೆಗಿಂತ ಮೇಲೆ ಬಂದರೆ ಹೆಬ್ಬೆರಳುಗಳು ಕೂಡಬೇಕು, ಸೊಂಟದ ಕೆಳಗೆ ಬಂದರೆ ಕಿರುಬೆರಳುಗಳು. ಕೋಚ್ ನನಗೆ ಬೆನ್ನು ಹಾಕಿ ನಿಂತು ಸದ್ದು ಕೇಳುತ್ತಿದ್ದರು. ಅಂಗೈಗೆ ಬಿದ್ದರೆ ಚಪ್ಪಾಳೆ ತಟ್ಟಿದಂತೆ ಸದ್ದು ಬರುತ್ತದೆ. ಬೆರಳಿಗೆ ಬಿದ್ದರೆ ಬರೀ ಉಸಿರಿನಷ್ಟು. ಸದ್ದು ಬಂದರೆ, ಚೆಂಡು ಕೈಯಲ್ಲೇ ಉಳಿದಿದ್ದರೂ "ಲೆಕ್ಕಕ್ಕಿಲ್ಲ" ಎನ್ನುತ್ತಿದ್ದರು.

ಸೀಸನ್ ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಹೆಚ್ಚು ತರಬೇತಿ ಕೊಡುವಂತಿಲ್ಲ ಎಂಬ ನಿಯಮವೂ ಇದೆ. ಹಾಗಾಗಿ ಹೆಚ್ಚಿನ ಅಭ್ಯಾಸ ನಮ್ಮ ಪಾಡಿಗೆ ನಾವೇ ಮಾಡಿಕೊಳ್ಳಬೇಕು. ಎರಡು ಚಕ್ರ ಗಿರ್ರನೆ ತಿರುಗಿ ಚೆಂಡು ಉಗುಳುವ ಯಂತ್ರವೊಂದಿತ್ತು. ಬೆಳಿಗ್ಗೆ ಬೆಳಿಗ್ಗೆ ಅದರ ಮುಂದೆ ನಿಲ್ಲುತ್ತಿದ್ದೆ. ಅಂಥದೊಂದು ಬೆಳಿಗ್ಗೆ ಚೆಂಡಿನ ಮೂತಿ ನೇರ ಉಂಗುರದ ಬೆರಳ ತುದಿಗೆ ಬಡಿಯಿತು. ನೋಡಿದರೆ ನಡುಗೆಣ್ಣಿನಿಂದ ಮೇಲಿನ ಭಾಗ ಪಕ್ಕಕ್ಕೆ ಕೂತಿದೆ. ಮೊದಲು ನೋವೇ ಇರಲಿಲ್ಲ, ಅಸಹ್ಯ ಮಾತ್ರ. ಟ್ರೈನರ್ ನನ್ನ ಮಣಿಕಟ್ಟು ಹಿಡಿದು, ಊರು ಯಾವುದು ಅಂತ ಕೇಳುತ್ತಲೇ ಬೆರಳನ್ನು ಎಳೆದು ಕೂರಿಸಿದ. ಆಮೇಲೆ ನೋವು ಬಂತು. ಎಕ್ಸ್-ರೇ ಆಯಿತು, ಪಕ್ಕದ ಬೆರಳಿನ ಜೊತೆ ಸೇರಿಸಿ ಟೇಪು ಸುತ್ತಿದರು. ಆ ವಾರ ಅಮ್ಮ ಬಂದಿದ್ದಳು. ಬಲಗೈಯ ಎರಡು ಬೆರಳಲ್ಲಿ ಸಾರನ್ನ ಕಲಸುತ್ತಿದ್ದುದನ್ನು ಸ್ವಲ್ಪ ಹೊತ್ತು ನೋಡಿ, "ಚಮಚ ಕೊಡ್ಲೇನೋ?" ಎಂದಳು. ಬೇಡ ಅಂದೆ. ಇನ್ನೇನನ್ನೂ ಕೇಳಲಿಲ್ಲ, ತಟ್ಟೆಗೆ ತುಪ್ಪ ಹಾಕಿದಳು.

ಕೈ ಪಳಗಿದರೂ ಕಣ್ಣು ಪಳಗಲಿಲ್ಲ. ಆಟದ ವಿಡಿಯೋ ನೋಡುವ ಫಿಲ್ಮ್ ರೂಮಿನಲ್ಲಿ ನನ್ನ ಕೈಜಾರಿದ ಚೆಂಡುಗಳನ್ನು ನಿಲ್ಲಿಸಿ ನಿಲ್ಲಿಸಿ ತೋರಿಸುತ್ತಿದ್ದರು. ಚೆಂಡು ಬೆರಳಿಗೆ ಇನ್ನೂ ಒಂದು ಅಡಿ ದೂರವಿರುವಾಗಲೇ ನನ್ನ ಹೆಲ್ಮೆಟ್ ಮುಂದಿನ ದಾರಿಯ ಕಡೆ ತಿರುಗಿದೆ: ಯಾವ ಸಂದಿ ಇದೆ, ಎಲ್ಲಿ ನುಗ್ಗಲಿ. ವರ್ಷಗಟ್ಟಲೆ ಆ ಕಣ್ಣಿಗೇ ಎಲ್ಲರೂ ಶಹಬ್ಬಾಸ್ ಅಂದಿದ್ದರು. ಅದೇ ಕಣ್ಣು ಈಗ ದೋಷವಾಗಿತ್ತು. ಚೆಂಡು ಕಂಕುಳಿಗೆ ಸೇರುವವರೆಗೂ ಅದರ ಮೂತಿಯನ್ನೇ ನೋಡು ಎನ್ನುವ ಒಂದೇ ಮಾತನ್ನು ಎಷ್ಟು ಸಲ ಕೇಳಿಸಿಕೊಂಡೆನೋ.

ಇವೆಲ್ಲಕ್ಕಿಂತ ಕಷ್ಟ ಅಂಚಿನ ಕಾಯುವಿಕೆ. ಒಳಗಿದ್ದಾಗ ಆಟದ ಬಿಸಿ ಪ್ರತಿ ಸಲವೂ ತಾಗುತ್ತಿತ್ತು: ಬೈಗುಳ, ಬೆವರು, ಮೈಗೆ ಮೈ. ಅಂಚಿನಲ್ಲಿ ಕ್ವಾರ್ಟರ್‌ಬ್ಯಾಕ್ ಕೂಗಿದ್ದೂ ಸರಿಯಾಗಿ ಕೇಳುವುದಿಲ್ಲ. ಚೆಂಡು ಅಲ್ಲಾಡಿದ್ದನ್ನು ಕಣ್ಣಲ್ಲೇ ನೋಡಿ ಹೊರಡಬೇಕು. ಎದುರಿಗೆ ನನ್ನನ್ನು ತಡೆಯುವ ಕಾರ್ನರ್‌ಬ್ಯಾಕ್, ಒಂದು ಗಜ ದೂರದಲ್ಲಿ, ಎದೆಗೆ ಕೈಯಿಟ್ಟು ನೂಕಲು ತಯಾರಾಗಿ ನಿಂತಿರುತ್ತಾನೆ. ಮೊದಮೊದಲು ಅವರು ನನ್ನನ್ನು ಗೆರೆಯಾಚೆ, ನೀರಿನ ಕ್ಯಾನುಗಳ ತನಕ ತಳ್ಳಿಕೊಂಡು ಹೋದದ್ದೂ ಉಂಟು. ಆ ಕೈಗಳನ್ನು ತಟ್ಟಿ, ಭುಜ ತಗ್ಗಿಸಿ, ನುಸುಳಿ ಓಡಿ, ಬಿಡುವಾಗಿ ಕೈ ಎತ್ತಿದರೆ ಚೆಂಡು ಆ ಕಡೆ ಇನ್ಯಾರಿಗೋ ಹೋಗಿರುತ್ತದೆ. ವಾಪಸ್ ಬಂದು ಮತ್ತೆ ಗೆರೆಯಲ್ಲಿ ನಿಲ್ಲುವುದು. ಇಡೀ ಮ್ಯಾಚು ಓಡಿ, ಚೆಂಡು ಮುಟ್ಟದೆ, ಮಣ್ಣಾಗದ ಜೆರ್ಸಿಯನ್ನು ಒಗೆಯಲು ಹಾಕಿದ ಶನಿವಾರಗಳಿವೆ. ನಾನು ತಂಡದಲ್ಲಿದ್ದೇನೆ ಅನ್ನುವುದೇ ಅನುಮಾನವಾಗುತ್ತಿತ್ತು. ರಾತ್ರಿ ಅಪ್ಪ ಫೋನ್ ಮಾಡಿದರೆ ಓದಿನ ಮಾತಾಡಿ ಇಡುತ್ತಿದ್ದೆ.

ಫಿಲ್ಮ್ ರೂಮಿನಲ್ಲಿ ಮೊದಲ ಸಲ ನನ್ನ ಹೆಸರು ಹೇಳಿ ಎಲ್ಲರೂ ಮೇಜು ಕುಟ್ಟಿದ್ದು ಕ್ಯಾಚಿಗಲ್ಲ. ಚೆಂಡು ಎಸೆಯದೆ ಹೊತ್ತು ಓಡುವ ಆಟಗಳಲ್ಲಿ ರಿಸೀವರ್ ಎದುರಿನ ಕಾರ್ನರ್‌ಬ್ಯಾಕ್‌ಗೆ ಅಡ್ಡ ನಿಲ್ಲಬೇಕು. ಮೂರನೇ ವರ್ಷದ ಒಂದು ಮ್ಯಾಚಿನಲ್ಲಿ ನಾನು ಹಾಗೆ ಒಬ್ಬನನ್ನು ತಡೆದು ನಿಲ್ಲಿಸಿದೆ. ಕಾಲು ಕುಟ್ಟುತ್ತಾ, ಸೊಂಟ ಇಳಿಸಿ, ಅವನು ಎತ್ತ ಹೊರಳಿದರೂ ಎದುರಿಗಿದ್ದೆ. ನನ್ನ ಹಳೆಯ ಜಾಗದ ಹುಡುಗ ನನ್ನ ಬೆನ್ನ ಹಿಂದಿನಿಂದ ಹಾದು, ಕೊನೆಯ ಗೆರೆ ದಾಟಿ ಟಚ್‌ಡೌನ್ ಮಾಡಿದ. ಆ ಓಟ ಒಂದು ವರ್ಷದ ಹಿಂದೆ ನನ್ನದಾಗುತ್ತಿತ್ತು. ಪರದೆಯ ಮೇಲೆ ಅದನ್ನು ನೋಡುವಾಗ ಹೊಟ್ಟೆಯಲ್ಲಿ ಉರಿಯೂ ಇತ್ತು, ಖುಷಿಯೂ ಇತ್ತು, ಎರಡರಲ್ಲಿ ಯಾವುದೂ ಸುಳ್ಳಲ್ಲ. ಆದರೆ ಅಷ್ಟು ಚೆನ್ನಾಗಿ ಅಡ್ಡ ನಿಲ್ಲಲು ನನಗೆ ಬಂದದ್ದು ನಿಲ್ಲುವುದನ್ನು ಕಲಿತದ್ದರಿಂದ, ಓಟದಿಂದಲ್ಲ.

ಕ್ಯಾಚುಗಳು ಆಮೇಲೆ ಬಂದವು. ನಾನು ನಿಲ್ಲಬಲ್ಲೆ ಅಂತ ಗೊತ್ತಾದ ಮೇಲೆ ಕಾರ್ನರ್‌ಬ್ಯಾಕ್‌ಗಳು ಹೆದರತೊಡಗಿದರು. ಬರೀ ಓಡುವವನ ಮುಂದೆ ಅವರು ಹತ್ತು ಗಜ ಹಿಂದಕ್ಕೆ ನಿಂತು ಕಾಯುತ್ತಾರೆ, ಕೆಲಸ ಮುಗಿಯಿತು. ಓಡುವಂತೆ ಕಾಣುತ್ತಲೇ ನಿಂತುಬಿಡುವವನ ಮುಂದೆ ಅವರಿಗೆ ಯಾವುದನ್ನು ನಂಬಬೇಕೋ ತಿಳಿಯುವುದಿಲ್ಲ. ಕೊನೆಯ ವರ್ಷ ನಾನು ತಂಡದ ಮೂರನೇ ರಿಸೀವರ್. ಎನ್‌ಎಫ್‌ಎಲ್‌ನಿಂದ ಯಾರೂ ಕರೆಯಲಿಲ್ಲ, ಕರೆಯುತ್ತಾರೆ ಎಂಬ ಆಸೆಯೂ ಅಷ್ಟರಲ್ಲಿ ಉಳಿದಿರಲಿಲ್ಲ. ಡಿಗ್ರಿ ಮುಗಿಸಿ ಕೆಲಸ ಹಿಡಿದೆ. ಉಂಗುರದ ಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ.

ನನ್ನನ್ನು ಹೊರಗೆ ಕಳಿಸಿದ ನಿರ್ಧಾರ ಸರಿಯಿತ್ತು ಅಂತ ಈಗಲೂ ಹೇಳುತ್ತೇನೆ. 80 ಕಿಲೋ ಮೈಯಲ್ಲಿ ಒಳಗೇ ಉಳಿದಿದ್ದರೆ ಬೆರಳಿಗಿಂತ ದೊಡ್ಡದೇನೋ ಮುರಿಯುತ್ತಿತ್ತು. ಸರಿಯಿಲ್ಲದ್ದು ಅದನ್ನು ಮಾಡಿದ ರೀತಿ. ವೇಗವಿದೆ, ಉಳಿದದ್ದು ತಾನಾಗಿ ಬರುತ್ತದೆ ಎಂದು ನಂಬಿ ಐದು ನಿಮಿಷದಲ್ಲಿ ಎಬ್ಬಿಸಿ ಕಳಿಸಿದರು. ತಾನಾಗಿ ಏನೂ ಬರಲಿಲ್ಲ. ಇಲ್ಲಿನ ನಮ್ಮವರ ಮನೆ ಹುಡುಗರು ಯಾರಾದರೂ ಇದೇ ಬದಲಾವಣೆಗೆ ಸಿಕ್ಕಿ ನನ್ನನ್ನು ಕೇಳಿದರೆ, ಹೋಗು, ಆದರೆ ಒಂದು ಪೂರ್ತಿ ವರ್ಷ ಕೇಳಿ ಇಸ್ಕೊಂಡು ಹೋಗು ಅನ್ನುತ್ತೇನೆ. ಮೊದಲ ತಿಂಗಳು ಚೆಂಡು ಬೇಡ, ಬ್ರೇಕ್ ಹಾಕುವುದನ್ನು ಕಲಿಸಿ ಅಂತ ಕೋಚ್‌ಗೆ ಕೇಳು. ತೊಡೆಯ ಹಿಂಬದಿಯನ್ನು ಗಟ್ಟಿ ಮಾಡಿಕೊ. ಚೆಂಡು ಬಾರದ ಮ್ಯಾಚುಗಳಿಗೆ ಈಗಲೇ ತಯಾರಾಗು, ಅವು ಬಹಳ ಬರುತ್ತವೆ. ಮನೆಯಿಂದ ಫೋನ್ ಬಂದಾಗ ಓದಿನ ಮಾತಾಡಿ ಇಡಬೇಡ, ಇದನ್ನೂ ಹೇಳು.